ಪಾರ್ಟ್‌ನರ್ ಎಕ್ಕ ಇಳಿಸಿದಾಗ ಕೈಯಲ್ಲಿ ಗುಲಾಮ-9-2 ಇದ್ದರೆ ಯಾವ ಎಲೆ ಹಾಕಬೇಕು?

ಕಾಫಿತೋಟ (ಚಿಕ್ಕಮಗಳೂರು):
ಮಳೆಗಾಲ ಬಂತೆಂದರೆ ನಮ್ಮೂರಲ್ಲಿ ಬ್ರಿಡ್ಜ್ ಇಸ್ಪೀಟಾಟ ಜೋರು. ಈ ಹ್ಯಾಂಡ್ ಬಗ್ಗೆ ಟೇಬಲ್ಲಿನಲ್ಲಿ ಇಬ್ಬರದು ಎರಡು ವಾದ, ತಿಳಿದವರು ಬಿಡಿಸಿ ಹೇಳಬೇಕು.

ಸೌತ್ ಆಡುತ್ತಿರುವುದು 4 ಹಾರ್ಟ್ಸ್ (ಕಾಂಟ್ರಾಕ್ಟ್: ಹಾರ್ಟ್ ತುರುಪು, ಹದಿಮೂರು ಟ್ರಿಕ್ಕಿನಲ್ಲಿ, ಅಂದರೆ ಸುತ್ತಿನಲ್ಲಿ, ಹತ್ತು ಗೆಲ್ಲಬೇಕು), ಈಸ್ಟ್-ವೆಸ್ಟ್ ಎದುರಾಳಿ ಜೋಡಿ. ವೆಸ್ಟ್ ಲೀಡ್ (ಮೊದಲು ಇಳಿಸಿದ ಎಲೆ) ಸ್ಪೇಡ್ ಎಕ್ಕ. ಎಕ್ಕ-ರಾಜ ಎರಡೂ ಇದ್ದರೆ ಎಕ್ಕವನ್ನೇ ಲೀಡ್ ಮಾಡಬೇಕೆಂದು ಮೊದಲೇ ಮಾತಾಗಿದೆ.

ಡಮ್ಮಿ (ಟೇಬಲ್ಲಿನ ಮೇಲೆ ಬಿಚ್ಚಿಟ್ಟ, ಸೌತ್ ಜೊತೆಗಾರರ ಕೈ): ಸ್ಪೇಡ್ ರಾಣಿ-8-3, ಹಾರ್ಟ್ ರಾಜ-ಗುಲಾಮ-7-4, ಡೈಮಂಡ್ 9-6-4, ಕ್ಲಬ್ ಎಕ್ಕ-ಗುಲಾಮ-4
ಈಸ್ಟ್: ಸ್ಪೇಡ್ ಗುಲಾಮ-9-2, ಹಾರ್ಟ್ ಎಕ್ಕ-5, ಡೈಮಂಡ್ ಗುಲಾಮ-8-7-3-2, ಕ್ಲಬ್ 7-5-3
ವೆಸ್ಟ್: ಸ್ಪೇಡ್ ಎಕ್ಕ-ರಾಜ-10-6-5, ಹಾರ್ಟ್ 2, ಡೈಮಂಡ್ ರಾಜ-ರಾಣಿ-10, ಕ್ಲಬ್ 10-9-8-2
ಸೌತ್: ಸ್ಪೇಡ್ 7-4, ಹಾರ್ಟ್ ರಾಣಿ-10-9-8-6-3, ಡೈಮಂಡ್ ಎಕ್ಕ-5, ಕ್ಲಬ್ ರಾಜ-ರಾಣಿ-6

ಗುಲಾಮ ಇದೆ, ಮುಂದುವರಿಸು ಅಂತ ಈಸ್ಟ್ 9 ಹಾಕಿದರೆ ತಪ್ಪೇನು? ಅಥವಾ ಮೂರು ಎಲೆ ಇವೆ ಅಂತ ಕೌಂಟ್ ತೋರಿಸಲು 2 ಹಾಕಬೇಕೇ?

ಹೇಮಾವತಿ ದಂಡೆ (ಹಾಸನ):
2 ಸರಿ, ಆದರೆ ನೀವು ಹೇಳಿದ ಕಾರಣಕ್ಕಲ್ಲ. ಪಾರ್ಟ್‌ನರ್ ಲೀಡ್ ಮಾಡಿದ ಸೂಟಿನಲ್ಲಿ ಮೊದಲ ಸಿಗ್ನಲ್ ಆಟಿಟ್ಯೂಡ್, ಅಂದರೆ ಈ ಸೂಟು ಮುಂದುವರಿಯಲಿ ಅಥವಾ ಬೇಡ ಎಂಬ ಮಾತು: ದೊಡ್ಡ ಎಲೆ ಬಿದ್ದರೆ ಬೇಕು, ಚಿಕ್ಕದಾದರೆ ಬೇಡ. ಎಷ್ಟು ಎಲೆ ಎಂಬ ಲೆಕ್ಕ ಆಮೇಲಿನದು.

ಡಮ್ಮಿಯಲ್ಲಿ ರಾಣಿ ಕೂತಿರುವಾಗ ಈಸ್ಟಿನ ಗುಲಾಮ ಯಾವ ಕೆಲಸಕ್ಕೂ ಬಾರದು. ಎಕ್ಕ-ರಾಜ ಹೋದ ಮೇಲೆ ಗೆಲ್ಲುವುದು ಆ ರಾಣಿಯೇ. ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿ ಬ್ರಿಡ್ಜ್‌ಗೆ ಬಂದವರ ಕಣ್ಣಿಗೆ ಗುಲಾಮ-9 ದೊಡ್ಡ ಆಸ್ತಿಯಾಗಿ ಕಾಣುತ್ತದೆ, ಅಲ್ಲಿ ಅವೆರಡೇ ಮೇಲಿನ ಎಲೆಗಳು. ಇಲ್ಲಿ ಆ ಕಣ್ಣು ಬಿಡಬೇಕು. ಕೈಯಲ್ಲಿ ಏನಿದೆ ಎಂದು ತೋರಿಸುವುದಲ್ಲ ಸಿಗ್ನಲ್. ಪಾರ್ಟ್‌ನರ್ ಮುಂದೆ ಏನು ಮಾಡಬೇಕು ಎಂದು ಹೇಳುವುದು.

9 ಬಿದ್ದರೆ ವೆಸ್ಟ್ ಅದನ್ನು 9-2 ಎರಡೇ ಎಲೆ ಎಂದು ಓದುತ್ತಾರೆ. ರಾಜ ಇಳಿಸಿ, ಪಾರ್ಟ್‌ನರ್‌ಗೆ ರಫ್ (ತುರುಪಿನಿಂದ ಹೊಡೆಯುವ ಅವಕಾಶ) ಕೊಡಲು ಮೂರನೇ ಸ್ಪೇಡ್ ಆಡುತ್ತಾರೆ. ಡಮ್ಮಿಯ ರಾಣಿ ಗೆಲ್ಲುತ್ತದೆ, ಸೌತ್ ಅದರ ಮೇಲೆ ಡೈಮಂಡ್ 5 ಬಿಸಾಡುತ್ತಾರೆ. ಉಳಿದದ್ದು ತುರುಪಿನ ಎಕ್ಕ ಒಂದೇ. ಕಾಂಟ್ರಾಕ್ಟ್ ಆಯಿತು.

2 ಬಿದ್ದರೆ ವೆಸ್ಟ್ ಎರಡನೇ ಟ್ರಿಕ್ಕಿನಲ್ಲೇ ಡೈಮಂಡ್ ರಾಜಕ್ಕೆ ತಿರುಗುತ್ತಾರೆ. ಎರಡು ಸ್ಪೇಡ್, ಒಂದು ಡೈಮಂಡ್, ಒಂದು ಹಾರ್ಟ್: ಒಂದು ಡೌನ್, ಅಂದರೆ ಸೌತ್‌ಗೆ ಒಂದು ಟ್ರಿಕ್ ಕಡಿಮೆ.

ಕಾಫಿತೋಟ:
ಒಂದು ಅನುಮಾನ ಸರ್. 9 ನೋಡಿದರೂ ವೆಸ್ಟ್ ಸ್ಪೇಡ್ ರಾಜ ಗೆದ್ದು, ಮೂರನೆಯದು ಆಡದೆ ಡೈಮಂಡ್‌ಗೆ ತಿರುಗಿದರೆ? ಎರಡು ಸ್ಪೇಡ್ ಹೇಗೂ ನಮ್ಮವೇ ಅಲ್ಲವೇ?

ಹೇಮಾವತಿ ದಂಡೆ:
ಆಗಲೂ ಕೈತಪ್ಪುತ್ತದೆ. ರಾಜ ಹೋದ ಕೂಡಲೇ ರಾಣಿ ಗೆಲ್ಲುವ ಎಲೆಯಾಯಿತು. ಸೌತ್ ಡೈಮಂಡ್ ಎಕ್ಕದಿಂದ ಗೆದ್ದು, ಕ್ಲಬ್ ಎಕ್ಕದಿಂದ ಡಮ್ಮಿಗೆ ಹೋಗಿ, ರಾಣಿಯ ಮೇಲೆ ಡೈಮಂಡ್ ಬಿಡುತ್ತಾರೆ. ಸ್ಪೇಡ್ ರಾಜ ವೆಸ್ಟ್ ಕೈಯಲ್ಲೇ ಇದ್ದರೆ ಸೌತ್ ಮೊದಲು ಒಂದು ಸ್ಪೇಡ್ ಬಿಟ್ಟುಕೊಡಬೇಕು. ವೆಸ್ಟ್ ರಾಜದಿಂದ ಗೆದ್ದು ಡೈಮಂಡ್ ರಾಣಿಯನ್ನೂ ಅಲ್ಲೇ ಎತ್ತಿಕೊಳ್ಳುತ್ತಾರೆ. ಇಡೀ ಹ್ಯಾಂಡ್ ನಿಂತಿರುವುದು ಆ ಒಂದು ಟ್ರಿಕ್ಕಿನ ಹಿಂದುಮುಂದಿನ ಮೇಲೆ.

ಘಾಟಿ ರಸ್ತೆ (ಸಕಲೇಶಪುರ):
ಒಪ್ಪಿದೆ. ಸೇರಿಸುವುದು ಎರಡಿದೆ.

ನಿಜಕ್ಕೂ 9-2 ಇದ್ದರೂ ಯಾವಾಗಲೂ 9 ಹಾಕಬೇಕೆಂದಿಲ್ಲ. ತುರುಪಿನಲ್ಲಿ ರಾಣಿ-ಗುಲಾಮ-10 ಇದ್ದರೆ ಅಲ್ಲಿ ಹೇಗೂ ಒಂದು ಟ್ರಿಕ್ ನಿಮ್ಮದೇ. 10ರಿಂದ ರಫ್ ಮಾಡಿದರೆ ಉಳಿದ ರಾಣಿ-ಗುಲಾಮ ಎಕ್ಕ-ರಾಜದ ಕೆಳಗೆ ಬೀಳುತ್ತವೆ, ಲಾಭ ಸೊನ್ನೆ. ಅಂಥ ಕಡೆ 2 ಹಾಕಿ.

ಇನ್ನೊಂದು ವೆಸ್ಟ್ ಕುರಿತು. ಪಾರ್ಟ್‌ನರ್ ಹಾಕಿದ ಎಲೆಯನ್ನಷ್ಟೇ ನೋಡಿ ದೊಡ್ಡದು, ಚಿಕ್ಕದು ಎಂದು ತೀರ್ಮಾನಿಸಬಾರದು. ಅದಕ್ಕಿಂತ ಸಣ್ಣ ಎಲೆಗಳಲ್ಲಿ ಯಾವುದು ಇನ್ನೂ ಕಂಡಿಲ್ಲ ಎಂದು ಎಣಿಸಬೇಕು. 4 ಬಿದ್ದು 2, 3 ಎರಡೂ ಕಾಣದಿದ್ದರೆ ಆ 4 ದೊಡ್ಡ ಎಲೆಯೇ ಇರಬಹುದು. ಜಾಣ ಡಿಕ್ಲೇರರ್ (ಕಾಂಟ್ರಾಕ್ಟ್ ಆಡುವವರು, ಇಲ್ಲಿ ಸೌತ್) ಇದೇ ಗೊಂದಲಕ್ಕೆಂದು ಸಣ್ಣ ಎಲೆ ಬಚ್ಚಿಟ್ಟು 7 ಹಾಕುತ್ತಾರೆ.

ಏಲಕ್ಕಿ (ಮೂಡಿಗೆರೆ):
ಕೌಂಟ್ ಎಲ್ಲಿ ಕೊಡಬೇಕು ಎಂಬುದು ಉಳಿಯಿತು. ಡಿಕ್ಲೇರರ್ ತಾನೇ ಒಂದು ಸೂಟು ಎಳೆಯುವಾಗ, ಅದರಲ್ಲೂ ತುರುಪೇ ಇಲ್ಲದ ನೋ ಟ್ರಂಪ್‌ನಲ್ಲಿ ಡಮ್ಮಿಗೆ ಬೇರೆ ಎಂಟ್ರಿ (ಆ ಕೈಗೆ ಹೋಗುವ ದಾರಿ) ಇಲ್ಲದಿದ್ದಾಗ. ಸಮಸಂಖ್ಯೆ ಇದ್ದರೆ ಮೊದಲು ದೊಡ್ಡದು, ಆಮೇಲೆ ಚಿಕ್ಕದು. ಬೆಸ ಇದ್ದರೆ ತಿರುಗಾಮುರುಗಾ.

ಡಮ್ಮಿಯಲ್ಲಿ ಡೈಮಂಡ್ ರಾಜ-ರಾಣಿ-ಗುಲಾಮ-10-5, ಈಸ್ಟ್ ಎಕ್ಕ-8-4, ವೆಸ್ಟ್ 7-2, ಸೌತ್ 9-6-3 ಎಂದಿಟ್ಟುಕೊಳ್ಳಿ. ವೆಸ್ಟ್ 7 ಹಾಕಿದರೆ ಅವರದು ಎರಡು, ಸೌತ್‌ನದು ಮೂರು. ಈಸ್ಟ್ ಎರಡು ಸುತ್ತು ಬಿಟ್ಟು ಮೂರನೆಯದನ್ನು ಎಕ್ಕದಿಂದ ಹಿಡಿಯುತ್ತಾರೆ. ಡಮ್ಮಿಯ ಉಳಿದ ಎರಡು ಎಲೆ ಅಲ್ಲೇ ಕೊಳೆಯುತ್ತವೆ. ವೆಸ್ಟ್ ಉದಾಸೀನದಿಂದ 2 ಹಾಕಿದರೆ ಈಸ್ಟ್ ಅದನ್ನು ಮೂರು ಎಲೆ ಎಂದು ಓದಿ ಎರಡನೇ ಸುತ್ತಿನಲ್ಲೇ ಎಕ್ಕ ಹಾಕುತ್ತಾರೆ. ಸೌತ್ ಬಳಿ ಇನ್ನೊಂದು ಎಲೆ ಇದೆ, ಎರಡಕ್ಕೆ ನಿಲ್ಲಬೇಕಾದ ಟ್ರಿಕ್ ನಾಲ್ಕಾಗುತ್ತದೆ. ಹೀಗೆ 3 ನೋ ಟ್ರಂಪ್ ದಾನ ಮಾಡುವುದು ನನ್ನ ಪ್ರಕಾರ 9ರ ತಪ್ಪಿಗಿಂತ ದೊಡ್ಡದು, ಏಕೆಂದರೆ ಇಲ್ಲಿ ವೆಸ್ಟ್ ಎಲೆಯ ಬಗ್ಗೆ ಯೋಚಿಸಲೇ ಇಲ್ಲ.

ರಫ್ ಕೊಡುವಾಗ ಮಾತ್ರ ಎಲೆಯ ಅರ್ಥ ಬೇರೆ. ಹಾರ್ಟ್ ತುರುಪು, ಆಡುತ್ತಿರುವುದು ಸ್ಪೇಡ್ ಎಂದರೆ ಉಳಿದದ್ದು ಡೈಮಂಡ್ ಮತ್ತು ಕ್ಲಬ್. ದೊಡ್ಡ ಸ್ಪೇಡ್ ಆಡಿದರೆ ಡೈಮಂಡ್ ವಾಪಸ್ ಕೊಡು ಎಂದು, ಚಿಕ್ಕದಾದರೆ ಕ್ಲಬ್.

ಕಾಫಿತೋಟ:
ನಮ್ಮ ಟೇಬಲ್ಲಿನಲ್ಲಿ ಒಬ್ಬರು ಚಿಕ್ಕ ಎಲೆ ಹಾಕಿ ಮುಂದುವರಿಸು ಎನ್ನುತ್ತಾರಲ್ಲ?

ಘಾಟಿ ರಸ್ತೆ:
ಅದು ಅಪ್‌ಸೈಡ್ ಡೌನ್ ಪದ್ಧತಿ, ಒಳ್ಳೆಯದೇ. ಬೇಕೆನ್ನಲು 9ರಂಥ ಬೆಲೆಯುಳ್ಳ ಎಲೆ ಖರ್ಚಾಗುವುದಿಲ್ಲ. ಅದರಲ್ಲಿ ಈ ಹ್ಯಾಂಡಿನ ಈಸ್ಟ್ ಬೇಡ ಎನ್ನಲು 9 ಹಾಕಬೇಕು. ಜೋಡಿಯ ಇಬ್ಬರೂ ಒಂದೇ ಪದ್ಧತಿ ಹಿಡಿದು ಕನ್ವೆನ್ಷನ್ ಕಾರ್ಡಿನಲ್ಲಿ (ಜೋಡಿಯ ಪದ್ಧತಿಗಳ ಪಟ್ಟಿ) ಬರೆಯಿರಿ, ಎದುರಾಳಿ ಕೇಳಿದರೆ ಹೇಳಲೇಬೇಕು. ಡಮ್ಮಿ ಇಳಿದಾಗಲೇ ಯೋಚನೆ ಮುಗಿಸಿ, ಪ್ರತಿ ಎಲೆಯನ್ನೂ ಒಂದೇ ವೇಗದಲ್ಲಿ ಹಾಕಿ. ತಡೆದು ಹಾಕುವುದು, ಟೇಬಲ್ಲಿಗೆ ಕುಕ್ಕುವುದು ಪಾರ್ಟ್‌ನರ್‌ಗೆ ಮಾತಾಡಿದಂತೆ, ಡ್ಯೂಪ್ಲಿಕೇಟ್ (ಸ್ಪರ್ಧಾ) ಬ್ರಿಡ್ಜ್ ನಿಯಮ 73 ಅದನ್ನು ಒಪ್ಪುವುದಿಲ್ಲ.