ಲಾವೋಸ್ ಹುಡುಗಿ ರಿಬ್ಬನ್ ಆಡಿದ್ದು ನೋಡಿ ಮಗಳು ಹಠ ಹಿಡಿದಿದಾಳೆ, ತುಮಕೂರಲ್ಲಿ ಆಗೋ ಮಾತಾ?

ಗುಬ್ಬಿಗೇಟ್_ಅಪ್ಪ:
ನಮಸ್ಕಾರ ಎಲ್ರಿಗೂ. ಯೂಟ್ಯೂಬಲ್ಲಿ ಏನೋ ನೋಡ್ತಾ ಇದ್ದಾಗ ಪ್ರೇವಾ ಮಿಸಾತೊ ಫಿಲಾಫಂದೆತ್ ಅಂತ ಲಾವೋಸಿನ ರಿದಮಿಕ್ ಜಿಮ್ನಾಸ್ಟ್ ವಿಡಿಯೋ ಬಂತು, ಸಂಗೀತಕ್ಕೆ ತಕ್ಕಂತೆ ಕೋಲಿಗೆ ಕಟ್ಟಿದ ಉದ್ದ ರಿಬ್ಬನ್ ತಿರುಗಿಸ್ತಾ ಆಡೋ ಜಿಮ್ನಾಸ್ಟಿಕ್ಸ್ ಅದು. ಲಾವೋಸ್ ಎಲ್ಲಿದೆ ಅಂತ ನಂಗೆ ಸರಿಯಾಗಿ ಗೊತ್ತಿರ್ಲಿಲ್ಲ ಬಿಡಿ, ಮಗಳೇ ಅಟ್ಲಾಸ್ ತೆಗ್ದು ಥಾಯ್ಲೆಂಡ್ ವಿಯೆಟ್ನಾಂ ಮಧ್ಯ ತೋರಿಸಿದ್ಲು. ಅವತ್ತಿಂದ ಅವ್ರಮ್ಮನ ಹಳೇ ಸೀರೆ ಫಾಲ್ ಕಿತ್ತು ಕೋಲಿಗೆ ಕಟ್ಕೊಂಡು ಮನೆಯೆಲ್ಲಾ ತಿರುಗ್ಸೋದೇ ಕೆಲ್ಸ. 8 ವರ್ಷ ಅವಳಿಗೆ. ಪಿಟಿ ಮೇಡಂ ಕೇಳಿದ್ರೆ ಖೋಖೋಗೆ ಸೇರ್ಸಿ ಸಾರ್ ಅಂತಾರೆ. ಹೇಳ್ಕೊಡೋರೇ ಇಲ್ದಿರೋ ಊರಿಂದ ಈ ಆಟ ಶುರು ಮಾಡಕ್ಕಾಗುತ್ತಾ?

ಹಳೇ_ಜಿಮ್ನಾಸ್ಟ್:
ಫಾಲ್ ಸಾಕಾಗಲ್ಲ ಸಾರ್ 😀 ಸೀನಿಯರ್ ರಿಬ್ಬನ್ 6 ಮೀಟರ್, ಅಂದ್ರೆ ಒಂದು ಸೀರೆಗಿಂತ ಅರ್ಧ ಮೀಟರ್ ಜಾಸ್ತಿ, ಜೂನಿಯರ್‌ಗೆ 5. ಹೂಪ್ (ಬಳೆ), ಬಾಲ್, ಕ್ಲಬ್ಸ್ (ಚಿಕ್ಕ ಗದೆ ಥರದ ಜೋಡಿ) ಕೂಡ ಕಲೀಬೇಕು. 13 ಮೀಟರ್ ಚೌಕದ ಕಾರ್ಪೆಟ್ ಮೇಲೆ ಒಂದೂಕಾಲು ನಿಮಿಷದಿಂದ ಒಂದೂವರೆ ನಿಮಿಷದೊಳಗೆ ಒಂದೊಂದರ ಆಟ ಮುಗೀಬೇಕು, ರಿಬ್ಬನ್ ಅಷ್ಟೊತ್ತೂ ಅಲ್ಲಾಡ್ತಾನೇ ಇರ್ಬೇಕು, ನೆಲಕ್ಕೆ ಸುಮ್ನೆ ಬಿದ್ರೆ ಮಾರ್ಕ್ಸ್ ಹೋಯ್ತು. ನಾವು ಕಲಿಯೋವಾಗ ಜಾಗ ಇಲ್ದೆ ಒಂದು ಕಲ್ಯಾಣ ಮಂಟಪದಲ್ಲಿ ಪ್ರಾಕ್ಟೀಸ್ ಮಾಡ್ತಿದ್ವಿ, ಸೆಕೆ ಅಂತ ಯಾರೋ ಫ್ಯಾನ್ ಹಾಕಿದ್ರು, ರಿಬ್ಬನ್ ಹೋಗಿ ರೆಕ್ಕೆಗೆ ಸುತ್ಕೊಂಡು ಕೋಲೂ ಮೇಲಕ್ಕೆ ಹೋಯ್ತು, ಅಡುಗೆಭಟ್ರು ಓಡಿ ಬಂದು ಸ್ವಿಚ್ ಆರಿಸಿದ್ರು. ಮೊದ್ಲು ಎತ್ತರದ ಛಾವಣಿ ಹುಡುಕಿ. ಕೋಚ್ ಆಮೇಲೆ.

ಕೆಜಿಎಫ್_ರಾಜ:
ಬೇಜಾರ್ ಮಾಡ್ಕೋಬೇಡಿ ಅಣ್ಣ, ಲಾವೋಸ್ 1980ರಲ್ಲಿ ಮಾಸ್ಕೋ ಒಲಿಂಪಿಕ್ಸಿಗೆ ಮೊದಲ ಸಲ ಹೋಗಿದ್ದು, ಪ್ಯಾರಿಸ್ ತನಕ ಒಂದೇ ಒಂದು ಒಲಿಂಪಿಕ್ ಪದಕ ಇಲ್ಲ. ಈ ಆಟ ರಷ್ಯಾ ಬಲ್ಗೇರಿಯಾದೋರ ಮನೆ ಆಸ್ತಿ. ದುಡ್ಡೂ ಟೈಮೂ ವೇಸ್ಟ್.

ಹಳೇ_ಜಿಮ್ನಾಸ್ಟ್:
ರಾಜ ಅವ್ರೇ 1984ರಲ್ಲಿ ಈ ಆಟ ಒಲಿಂಪಿಕ್ಸಿಗೆ ಬಂದಾಗ ಮೊದಲ ಚಿನ್ನ ಹೊಡೆದಿದ್ದು ಕೆನಡಾದ ಲೋರಿ ಫಂಗ್, ಸೋವಿಯತ್ ಕಡೆಯೋರು ಬಹಿಷ್ಕಾರ ಹಾಕಿದ್ರು ಅನ್ನೋದೂ ನಿಜವೇ, ಇಲ್ಲ ಅನ್ನಲ್ಲ. 2024ರ ಪ್ಯಾರಿಸಲ್ಲಿ ಗ್ರೂಪ್ ಚಿನ್ನ ಚೀನಾದ್ದು, ಯುರೋಪಿನ ಹೊರಗೆ ಹೋಗಿದ್ದು ಅದೇ ಮೊದ್ಲು. ನಮ್ಮ ದೀಪಾ ಕರ್ಮಾಕರ್ ಎಲ್ಲಿಯೋಳು? ಅಗರ್ತಲಾ. ಅವಳದ್ದು ಆರ್ಟಿಸ್ಟಿಕ್, ಅಂದ್ರೆ ವಾಲ್ಟ್ ಥರದ್ದು, ಬೇರೆ ವಿಭಾಗ, ಆದ್ರೂ ರಿಯೋ ಒಲಿಂಪಿಕ್ಸಲ್ಲಿ ಕಂಚು ತಪ್ಪಿದ್ದು ಬರೀ 0.150 ಅಂಕದಲ್ಲಿ. ಆ ಲಾವೋಸ್ ಹುಡುಗಿ ಥರ ಮೊದ್ಲು ಹೋಗೋರಿಗೆ ಜೊತೆಗೆ ಆಡೋರಿಲ್ಲ, ಹೋಲಿಸಿ ನೋಡೋಕೆ ಸೀನಿಯರ್ ಇಲ್ಲ. ಪಟ್ಟೀಲಿ ಕೊನೇಗೆ ಹೆಸ್ರು ಬಂದ್ರೂ ಆ ದೇಶದ ಹೆಸ್ರು ಪಟ್ಟೀಲಿ ಇರೋದೇ ಅವಳಿಂದ ಅಲ್ವಾ.

ಚಿಂತಾಮಣಿ_ಅಕ್ಕ:
ಪಾಪ ಮಗು ಆಡ್ಲಿ ಬಿಡ್ರೀ, ಪದಕ ಪದಕ ಅಂತ ಈಗ್ಲೇ ಶುರು ಹಚ್ಕೊಂಡಿದೀರ. ಸೀನಿಯರ್ ಆಗೋಕೆ 16 ಆಗ್ಬೇಕು, ಇನ್ನೂ 8 ವರ್ಷ ಇದೆ. ಸದ್ಯಕ್ಕೆ ಯೋಗಾನೋ ಭರತನಾಟ್ಯಾನೋ ಹಾಕಿ, ಮೈ ಬಗ್ಗುತ್ತೆ, ತಾಳನೂ ಬರುತ್ತೆ.

ಗುಬ್ಬಿಗೇಟ್_ಅಪ್ಪ:
ಥ್ಯಾಂಕ್ಸ್ ಎಲ್ರಿಗೂ. ರಾಜ ನೀವು ಹೇಳಿದ್ದೂ ತಲೇಲಿದೆ. ಭಾನುವಾರ ಬೆಳಗ್ಗಿನ ರೈಲಲ್ಲಿ ಬೆಂಗಳೂರಿಗೆ ಕರ್ಕೊಂಡೋಗಿ ಒಂದು ಕ್ಲಾಸ್ ತೋರಿಸ್ಕೊಂಡು ಬರ್ತೀನಿ. ಎರಡು ಫಾಲ್ ಜೋಡಿಸಿ ಹೊಲ್ಕೊಡು ಅಂತ ಅವ್ರಮ್ಮನ ಹಿಂದೆ ಬಿದ್ದಿದಾಳೆ ಈಗ, 5 ಮೀಟರ್ ಆಗ್ಬೇಕಂತೆ. ಮನೇಲಿ ಫ್ಯಾನ್ ಆರ್ಸಿದೀನಿ.