ದಪ್ಪ ಮೈಯವರಿಗೆ ಸೇಫ್ಟಿ ಜಾಕೆಟ್: ಸೈಜ್ ಆರಿಸುವುದು ಹೇಗೆ?

ಪ್ರಶ್ನೆ (ಸ್ಟೋರ್ಸ್ ಉಸ್ತುವಾರಿ): ಮೇಡಂ, ನಮಸ್ಕಾರ. ರಸ್ತೆ ಕಾಮಗಾರಿ ತಂಡಕ್ಕೆ ಸಾಮಾನು ಒದಗಿಸುವ ಕೆಲಸ ನನ್ನದು. ತಂಡದಲ್ಲಿ ಕೆಲವರು ಒಳ್ಳೆ ದಪ್ಪ ಆಳುಗಳು. ಹೊಳೆಯುವ ಪಟ್ಟಿಯ ಸೇಫ್ಟಿ ಜಾಕೆಟ್ ಕೊಟ್ಟರೆ ಮುಂದೆ ಜಿಪ್ ಹಾಕದೆ ಹಾಗೇ ಓಡಾಡುತ್ತಾರೆ. ಕೇಳಿದರೆ ‘ಹಾಕ್ಕೊಂಡಿದ್ದೀನಲ್ಲ ಸರ್’ ಅನ್ನುತ್ತಾರೆ. ಈ ಸಲ ಎಲ್ಲರಿಗೂ ಎರಡು ಸೈಜ್ ದೊಡ್ಡದನ್ನೇ ತರಿಸಿಬಿಡೋಣ ಅಂದುಕೊಂಡಿದ್ದೇನೆ. ಆದೀತಾ?

ಉತ್ತರ (ಸೇಫ್ಟಿ ಆಫೀಸರ್): ಎಲ್ಲರಿಗೂ ದೊಡ್ಡದು ಬೇಡ. ದಪ್ಪಗಿರುವವರ ತೊಂದರೆ ತೀರಿಸಲು ಹೋಗಿ ಸಣ್ಣಗಿರುವವರ ತಲೆಗೆ ಹೊಸದೊಂದು ಕಟ್ಟಿದ ಹಾಗಾಗುತ್ತದೆ. ಸಡಿಲ ಜಾಕೆಟ್ಟಿನ ಕಂಕುಳು ಜೋತುಬಿದ್ದು, ಅಂಚು ತಿರುಗುವ ಯಂತ್ರಕ್ಕೋ ಏಣಿಯ ತುದಿಗೋ ಸಿಕ್ಕಿಕೊಳ್ಳುತ್ತದೆ.

ಮೊದಲು ಜಿಪ್ಪಿನ ವಿಚಾರ. ಜಾಕೆಟ್ಟಿನ ಹಳದಿ-ಹಸಿರು ಅಥವಾ ಕಿತ್ತಳೆ ಬಟ್ಟೆ ಕೆಲಸಕ್ಕೆ ಬರುವುದು ಹಗಲಲ್ಲಿ, ಅದರಲ್ಲೂ ಮುಂಜಾನೆ ಮುಸ್ಸಂಜೆಗಳಲ್ಲಿ. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನೂ ಕಾಣುವ ಬೆಳಕಾಗಿ ಹೊರಹಾಕುವುದರಿಂದ ಅದು ಅಷ್ಟು ಎದ್ದು ಕಾಣುತ್ತದೆ. ರಾತ್ರಿ ಆ ಬಣ್ಣದ ಆಟ ನಡೆಯುವುದಿಲ್ಲ. ಆಗ ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ವಾಪಸು ಕಳಿಸುವ ಪಟ್ಟಿಯೇ ಎಲ್ಲ. ಆ ಪಟ್ಟಿ ಮೈಸುತ್ತ ಬರುವುದು ಯಾಕೆ? ಯಾವ ಕಡೆಯಿಂದ ನೋಡಿದರೂ ಅಲ್ಲಿ ನಿಂತಿರುವುದು ಮನುಷ್ಯ ಎಂದು ಚಾಲಕನಿಗೆ ತಟ್ಟನೆ ಗೊತ್ತಾಗಲಿ ಎಂದು. ಮುಂಭಾಗ ತೆರೆದುಕೊಂಡಿದ್ದರೆ ಎದುರಿನಿಂದ ಬರುವವನಿಗೆ ಕಾಣುವುದು ಅತ್ತ ಒಂದು ಚೂರು, ಇತ್ತ ಒಂದು ಚೂರು. ನಡುವೆ ಕತ್ತಲು. ಇಂಥ ಎದ್ದು ಕಾಣುವ ಉಡುಪುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 20471ರ ಪ್ರಕಾರ ಪಟ್ಟಿ ಕನಿಷ್ಠ 50 ಮಿ.ಮೀ. ಅಗಲ ಇರಬೇಕು. ಜಿಪ್ ಇರುವಲ್ಲಿ ಪಟ್ಟಿ ತುಂಡಾದರೂ ಆ ಸಂದು 50 ಮಿ.ಮೀ. ಮೀರಬಾರದು. ನಿಮ್ಮವರ ಹೊಟ್ಟೆಯ ಮೇಲೆ ಅದು ಒಂದು ಗೇಣಾದರೂ ಇದ್ದೀತು.

ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ಬಟ್ಟೆ, ಪಟ್ಟಿ ಎಷ್ಟಿದೆ ಎಂದು ನೋಡಿ ಅದೇ ಮಾನದಂಡ ಮೂರು ದರ್ಜೆ ಮಾಡುತ್ತದೆ, ಮೂರನೆಯದೇ ಎಲ್ಲಕ್ಕಿಂತ ಮೇಲಿನದು. ಎರಡನೇ ದರ್ಜೆಗೆ 0.50 ಚದರ ಮೀಟರ್ ಹೊಳಪು ಬಟ್ಟೆ (ಆ ಹಳದಿ-ಹಸಿರು ಅಥವಾ ಕಿತ್ತಳೆಯದು), 0.13 ಚದರ ಮೀಟರ್ ಪಟ್ಟಿ ಬೇಕು. ಈ ಲೆಕ್ಕವನ್ನು ಆ ಮಾದರಿಯ ಅತಿ ಚಿಕ್ಕ ಸೈಜಿನಲ್ಲೇ ತುಂಬಿಸಬೇಕು. ಹಾಗಾಗಿ ದೊಡ್ಡ ಸೈಜಿನಲ್ಲಿ ಬಟ್ಟೆ ಕಡಿಮೆ ಬಿತ್ತು ಎಂಬ ಮಾತೇ ಬರುವುದಿಲ್ಲ. ದಪ್ಪಗಿರುವವರ ಜಾಕೆಟ್ ಸೋಲುವುದು ಮುಚ್ಚಿಕೊಳ್ಳದೆ ಹೋದಾಗ ಮಾತ್ರ. ಲೇಬಲ್ಲಿನ ಮೇಲೆ ಯಾವ ದರ್ಜೆ ಬರೆದಿದ್ದರೂ ತೆರೆದ ಜಾಕೆಟ್ಟಿಗೆ ಅದು ಅನ್ವಯಿಸುವುದಿಲ್ಲ.

ಈಗ ಅಳತೆ. ಎದೆಯ ಸುತ್ತಳತೆ ನೋಡಿ ಆರ್ಡರ್ ಹಾಕುವುದು ರೂಢಿ. ಹೊಟ್ಟೆ ದೊಡ್ಡದಿರುವವರಿಗೆ ಅಲ್ಲೇ ಎಡವಟ್ಟು. ಎದೆ, ಹೊಟ್ಟೆ, ಸೊಂಟದ ಕೆಳಗಿನ ಅಗಲ ಜಾಗ, ಮೂರನ್ನೂ ಅಳೆದು ದೊಡ್ಡದನ್ನು ಹಿಡಿಯಿರಿ. ಕೆಲಸದ ಬಟ್ಟೆಯ ಮೇಲೇ ಅಳೆಯಿರಿ. ಚಳಿಗಾಲದಲ್ಲಿ ದಪ್ಪ ಕೋಟು ಹಾಕುವವರಾದರೆ ಕೋಟಿನ ಮೇಲೆ. ಕೂತಾಗ ಹೊಟ್ಟೆಯ ಅಳತೆ ಹೆಚ್ಚುತ್ತದೆ, ಗಾಡಿ ಓಡಿಸುವವರನ್ನು ಕೂರಿಸಿಯೂ ಒಮ್ಮೆ ನೋಡಿ. ಟೇಪ್ ಹಿಡಿದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳದ ಗಂಡಸರನ್ನು ನಾನಂತೂ ನೋಡಿಲ್ಲ; ಎರಡು ಮಾತಾಡಿಸಿ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಬಂದ ಅಳತೆಯ ಮೇಲೆ ಜಾಕೆಟ್ಟಿಗೆ 10 ಸೆಂ.ಮೀ. ಆದರೂ ಸಡಿಲ ಬಿಡುವುದು ನನ್ನ ಪದ್ಧತಿ.

ಸೈಜ್ ಪಟ್ಟಿ ಓದುವಾಗಲೂ ಹುಷಾರು. ಕೆಲವು ತಯಾರಕರು ಮೈಯ ಅಳತೆ ಬರೆಯುತ್ತಾರೆ, ಕೆಲವರು ಜಾಕೆಟ್ಟನ್ನು ನೆಲದ ಮೇಲೆ ಹರಡಿದಾಗಿನ ಅಗಲ ಬರೆಯುತ್ತಾರೆ. ಎರಡನೆಯದಾದರೆ ಅದನ್ನು ದುಪ್ಪಟ್ಟು ಮಾಡಿ, ಸಡಿಲ ಕಳೆದು ಲೆಕ್ಕ ಹಾಕಬೇಕು. ಒಬ್ಬರ 3ಎಕ್ಸ್‌ಎಲ್ ಇನ್ನೊಬ್ಬರ 2ಎಕ್ಸ್‌ಎಲ್ ಆಗಿರಬಹುದು. ಅಕ್ಷರ ನಂಬಬೇಡಿ, ಸೆಂಟಿಮೀಟರ್ ನಂಬಿ.

ಸದಸ್ಯ 1: ಅಷ್ಟೆಲ್ಲ ತಲೆನೋವು ಯಾಕೆ ಮೇಡಂ? ಪಕ್ಕದಲ್ಲಿ ಎಲಾಸ್ಟಿಕ್ ಪಟ್ಟಿ ಇರುವ ‘ಫ್ರೀ ಸೈಜ್’ ಬರುತ್ತದಲ್ಲ, ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು. ಎಲ್ಲರಿಗೂ ಆಗುತ್ತೆ.

ಸೇಫ್ಟಿ ಆಫೀಸರ್: ಹಾಕಿಕೊಳ್ಳಲು ಎಲ್ಲರಿಗೂ ಆಗುತ್ತದೆ ನಿಜ. ಆದರೆ ದಪ್ಪಗಿರುವವರು ಹಾಕಿದಾಗ ಒಮ್ಮೆ ಪಕ್ಕದಿಂದ ನೋಡಿ. ಮುಂದಿನ ತುಂಡಿಗೂ ಹಿಂದಿನ ತುಂಡಿಗೂ ನಡುವೆ ಎಲಾಸ್ಟಿಕ್ ಎಳೆದುಕೊಂಡು ಪಕ್ಕೆಯೆಲ್ಲ ಬಯಲು. ಅಲ್ಲಿ ಬಟ್ಟೆಯೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ರಸ್ತೆ ಕೆಲಸದಲ್ಲಿ ಗಾಡಿಗಳು ಎದುರಿನಿಂದ ಮಾತ್ರ ಬರುವುದಿಲ್ಲ. ರಿವರ್ಸ್ ಬರುವ ಟಿಪ್ಪರ್, ಅಡ್ಡ ಬರುವ ಲೋಡರ್ ಚಾಲಕನಿಗೆ ಹೆಚ್ಚಿನ ಸಲ ಕಾಣುವುದು ನಮ್ಮ ಪಕ್ಕೆಯೇ. ದೊಡ್ಡ ಮೈಕಟ್ಟಿನವರಿಗೆ ಪಕ್ಕ ಪೂರ್ತಿ ಮುಚ್ಚಿರುವ, ಅಲ್ಲೇ ಸಡಿಲ-ಬಿಗಿ ಮಾಡಿಕೊಳ್ಳಬಹುದಾದ ಮಾದರಿಯನ್ನೇ ಕೇಳಿ. ಫ್ರೀ ಸೈಜ್ ನನ್ನ ಸ್ಟೋರಿನೊಳಗೆ ಬರುವುದಿಲ್ಲ.

ಸದಸ್ಯ 2: ನಮ್ಮಲ್ಲಿ ವೆಲ್ಕ್ರೋದ್ದು. ಒಬ್ಬರು ಬಗ್ಗಿದಾಗಲೆಲ್ಲ ಅದು ಚರ್ ಅಂತ ಬಿಚ್ಚಿಕೊಳ್ಳುತ್ತಿತ್ತು, ಪಿನ್ ಚುಚ್ಚಿಕೊಂಡಿದ್ದಾರೆ. ಪರವಾಗಿಲ್ಲವಾ?

ಸೇಫ್ಟಿ ಆಫೀಸರ್: ಇವತ್ತೇ ತೆಗೆಸಿ. ಭುಜ, ಪಕ್ಕ, ಮುಂದೆ, ಎಲ್ಲ ಕಡೆ ವೆಲ್ಕ್ರೋ ಇರುವ ಜಾಕೆಟ್ ಆದರೆ ಅದನ್ನು ಬಿಚ್ಚಿಕೊಳ್ಳಲೆಂದೇ ಮಾಡಿರುವುದು. ಯಂತ್ರಕ್ಕೆ ಸಿಕ್ಕಿದರೆ ಜಾಕೆಟ್ ಹೋಗಲಿ, ಮನುಷ್ಯ ಉಳಿಯಲಿ ಎಂಬ ಲೆಕ್ಕ. ಪಿನ್ ಚುಚ್ಚಿದರೆ ಆ ಲೆಕ್ಕವೇ ಕೆಡುತ್ತದೆ. ಬಗ್ಗಿದಾಗ ಬಿಚ್ಚಿಕೊಳ್ಳುತ್ತಿದೆ ಎಂದರೆ ವೆಲ್ಕ್ರೋ ಸರಿಯಿಲ್ಲ ಎಂದಲ್ಲ, ಸೈಜ್ ಸಣ್ಣದು ಎಂದು. ತುಂಬ ಹಳತಾಗಿ ವೆಲ್ಕ್ರೋದಲ್ಲಿ ಧೂಳು, ನೂಲು ತುಂಬಿದ್ದರೆ ಮಾತ್ರ ಬೇರೆ ಮಾತು. ಹಾಗಿದ್ದರೆ ಜಾಕೆಟ್ಟನ್ನೇ ಬದಲಿಸಿ.

ಸದಸ್ಯ 3: ದೊಡ್ಡ ಸೈಜ್ ಬೇಗ ಸಿಗುವುದಿಲ್ಲ. ಟೈಲರ್ ಹತ್ತಿರ ಪಕ್ಕದಲ್ಲಿ ಬಟ್ಟೆ ಕೊಡಿಸಿ ಅಗಲ ಮಾಡಿಸಬಹುದಲ್ಲ? ಖರ್ಚೂ ಕಡಿಮೆ.

ಸೇಫ್ಟಿ ಆಫೀಸರ್: ಬೇಡ. ಟೈಲರ್ ಹಾಕುವ ಬಟ್ಟೆ ಅದೇ ಹಳದಿಯಾಗಿ ಕಂಡರೂ ಹೊಳಪಿನ ಪರೀಕ್ಷೆ ಆದದ್ದಲ್ಲ. ಪಟ್ಟಿ ಆ ತುಂಡಿನ ಮೇಲೆ ಮುಂದುವರಿಯುವುದೂ ಇಲ್ಲ. ಮಾರ್ಪಡಿಸಿದ ಮೇಲೆ ಲೇಬಲ್ಲಿನ ದರ್ಜೆಗೆ ತಯಾರಕ ಹೊಣೆಯಲ್ಲ. ಉದ್ದ ಜಾಸ್ತಿಯಾಯಿತೆಂದು ಕೆಳಗೆ ಕತ್ತರಿಸುವುದೂ ಅಷ್ಟೇ ತಪ್ಪು. ಕೆಳಗಿನ ಪಟ್ಟಿಗೂ ಅಂಚಿಗೂ ನಡುವೆ ಕನಿಷ್ಠ 50 ಮಿ.ಮೀ. ಬಟ್ಟೆ ಇರಬೇಕು. ಕೆಲವು ತಯಾರಕರು ಅದೇ ಮಾದರಿಗೆ ಹೊಂದುವ, ಅಗಲ ಹೆಚ್ಚಿಸುವ ತುಂಡನ್ನು ತಾವೇ ಕೊಡುತ್ತಾರೆ, ಅಂಥದ್ದಿದ್ದರೆ ಬಳಸಿ.

ಸದಸ್ಯೆ 4: ಮೇಡಂ, ಹೆಂಗಸರ ಮಾತೂ ಬರಲಿ. ನನಗೆ ಎದೆಗೆ ಸರಿಯಾದದ್ದು ಸೊಂಟದಲ್ಲಿ ಬಿಗಿ, ಸೊಂಟಕ್ಕೆ ಸರಿಯಾದದ್ದು ಭುಜದಿಂದ ಜಾರುತ್ತದೆ. ನಮ್ಮ ಒಬ್ಬ ಸಹೋದ್ಯೋಗಿ ಈಗ ಬಸುರಿ, ಅವರಿಗಂತೂ ಯಾವುದೂ ಕೂಡುವುದಿಲ್ಲ.

ಸೇಫ್ಟಿ ಆಫೀಸರ್: ಗಂಡಸರ ಮೈಕಟ್ಟಿಗೆ ಕತ್ತರಿಸಿದ್ದನ್ನೇ ‘ಎಲ್ಲರಿಗೂ’ ಎಂದು ಮಾರುವುದರ ಫಲ ಇದು. ಹೆಂಗಸರಿಗೆಂದೇ ಕತ್ತರಿಸಿದ ಮಾದರಿಗಳು ಬರುತ್ತವೆ, ಹೆಸರು ಹೇಳಿ ಕೇಳಿ. ಸಿಗುವ ತನಕ ಕೆಳಗಿನಿಂದಲೂ ತೆರೆಯುವ ಎರಡು ತುದಿಯ ಜಿಪ್, ಪಕ್ಕದಲ್ಲಿ ಬಿಗಿ ಮಾಡುವ ಪಟ್ಟಿ ಇರುವುದನ್ನು ಸೊಂಟದ ಅಳತೆಗೆ ತೆಗೆದುಕೊಂಡು ಮೇಲೆ ಬಿಗಿ ಮಾಡಿಕೊಳ್ಳಿ. ಕೆಳಗಿನ ಜಿಪ್ಪನ್ನು ಕೂರುವಾಗ ಮಾತ್ರ ಬಿಡಬೇಕು, ನಿಂತಾಗ ಹಾಕಬೇಕು. ಬಸುರಿಗೆ ಒಂದೇ ಜಾಕೆಟ್ ಕೊಟ್ಟು ಸುಮ್ಮನಾಗಬೇಡಿ, ತಿಂಗಳು ತಿಂಗಳು ಹಾಕಿಸಿ ನೋಡಿ. ಹೊಟ್ಟೆ ಮುಂದೆ ಬಂದ ಹಾಗೆ ಮುಂಭಾಗ ಮೇಲೇರಿ ಕೆಳಗಿನ ಪಟ್ಟಿ ಓರೆಯಾಗುತ್ತದೆ. ಅವರು ಗಾಡಿ ಓಡಾಡುವ ಜಾಗದಲ್ಲೇ ಇರಬೇಕಾ ಎಂಬುದನ್ನೂ ಮೇಲಿನವರ ಹತ್ತಿರ ಮಾತಾಡಿ. ಅದು ಜಾಕೆಟ್ಟಿಗಿಂತ ದೊಡ್ಡ ಪ್ರಶ್ನೆ.

ಸದಸ್ಯ 2: ದಪ್ಪಗಿರುವವರಿಗೆ ಸೆಕೆಯೇ ದೊಡ್ಡ ಕಷ್ಟ. ಅದಕ್ಕೇ ಜಿಪ್ ಬಿಡುವುದು.

ಸೇಫ್ಟಿ ಆಫೀಸರ್: ಒಪ್ಪಿದೆ. ಜಾಲರಿ ಬಟ್ಟೆಯದ್ದು ಕೊಡಿ. ಇಲ್ಲವಾದರೆ ಹೊಳಪು ಬಟ್ಟೆಯ, ಪಟ್ಟಿ ಸಹಿತದ ಟೀ ಶರ್ಟನ್ನೇ ಕೊಡಿ. ಅಂಗಿಯ ಮೇಲೆ ಇನ್ನೊಂದು ಪದರ ಇಲ್ಲ, ತೆರೆದಿಡಲು ಜಿಪ್ಪೇ ಇಲ್ಲ. ದಪ್ಪ ಮೈಯವರಿಗೆ ನನ್ನ ಮೊದಲ ಆಯ್ಕೆ ಅದೇ. ಮೂರನೇ ದರ್ಜೆ ಬೇಕಾದ ಕೆಲಸಕ್ಕೆ ತೋಳಿಲ್ಲದ ಜಾಕೆಟ್ ಒಂದೇ ಹೇಗೂ ಸಾಲದು, ತೋಳು ಅಥವಾ ಪ್ಯಾಂಟಿನ ಮೇಲೂ ಪಟ್ಟಿ ಬೇಕು. ಎತ್ತರದ ಕೆಲಸಕ್ಕೆ ಜಾಕೆಟ್ಟಿನ ಮೇಲೆ ಹಾರ್ನೆಸ್ (ಕೆಳಗೆ ಬೀಳದಂತೆ ಮೈಗೆ ಕಟ್ಟುವ ಬೆಲ್ಟುಗಳು) ಬಿಗಿದರೆ ಅದರ ಬೆಲ್ಟು ಪಟ್ಟಿಯನ್ನು ಮುಚ್ಚುತ್ತದೆ. ಬೆನ್ನಲ್ಲಿ ಕೊಕ್ಕೆಯ ಉಂಗುರಕ್ಕೆ ಕಿಂಡಿ ಇರುವ ಜಾಕೆಟ್ ಆರಿಸಿ, ಹಾರ್ನೆಸ್ಸನ್ನು ಜಾಕೆಟ್ಟಿನ ಒಳಗೆ ಹಾಕಿಸಿ.

ಸ್ಟೋರ್ಸ್ ಉಸ್ತುವಾರಿ: ತುಂಬ ಉಪಕಾರ ಮೇಡಂ. ಕೊನೆಯದೊಂದು. ಎಲ್ಲರ ಮುಂದೆ ಹೊಟ್ಟೆ ಅಳೆಯಲು ನಿಂತರೆ ಹುಡುಗರು ಗೇಲಿ ಮಾಡುತ್ತಾರೆ, ಅವರು ಮತ್ತೆ ಬರುವುದೇ ಇಲ್ಲ.

ಸೇಫ್ಟಿ ಆಫೀಸರ್: ಸಾಲಾಗಿ ನಿಲ್ಲಿಸಿ ಅಳೆಯಬೇಡಿ. ಪ್ರತಿ ಸೈಜಿನದ್ದೂ ಒಂದೊಂದು ಮಾದರಿ ತರಿಸಿ ಸ್ಟೋರಿನ ಒಳಗಿಡಿ, ಒಬ್ಬೊಬ್ಬರೇ ಬಂದು ಹಾಕಿ ನೋಡಲಿ. ಜಿಪ್ ಹಾಕಿಸಿ, ಎರಡೂ ಕೈ ಮೇಲೆತ್ತಿಸಿ, ಬಗ್ಗಿಸಿ, ಕೂರಿಸಿ. ಪಟ್ಟಿ ಅಡ್ಡಲಾಗಿಯೇ ನಿಂತು, ಉಸಿರು ಕಟ್ಟದಿದ್ದರೆ ಅದೇ ಸೈಜ್. ನಿಮ್ಮ ಪುಸ್ತಕದಲ್ಲಿ ಹೆಸರಿನ ಮುಂದೆ ಮಾದರಿ ಮತ್ತು ಸೈಜ್ ಬರೆದಿಡಿ, ಮುಂದಿನ ಸಲ ಕೇಳುವ ಪ್ರಮೇಯವೇ ಇರುವುದಿಲ್ಲ. ಮತ್ತೆ, ಅತಿ ದೊಡ್ಡ ಸೈಜಿನದ್ದು ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ. ಸೈಟ್ ನೋಡಲು ಬರುವ ಸಾಹೇಬರಲ್ಲೂ ದಪ್ಪಗಿರುವವರು ಇರುತ್ತಾರೆ.