ಸಹಾಯ ಬೇಕು: ಮಗಳ ಹೆಸರಲ್ಲಿ ನಕಲಿ ಇನ್‌ಸ್ಟಾಗ್ರಾಂ ಖಾತೆ

ನಮಸ್ಕಾರ, ನಾವು ವಿಜಯನಗರದವರು. ಮಗಳು 7ನೇ ಕ್ಲಾಸು. ಸ್ಕೂಲ್ ಡೇ ಫೋಟೋ ಹಾಕಿ ಯಾರೋ ಅವಳ ಹೆಸರಲ್ಲಿ ಖಾತೆ ತೆರೆದು, ಅವಳೇ ಬರೆದ ಹಾಗೆ ಕ್ಲಾಸಿನವರಿಗೆಲ್ಲ ಕೆಟ್ಟ ಮೆಸೇಜ್ ಕಳಿಸ್ತಿದಾರೆ. ಆ ಫೋಟೋ ಇದ್ದದ್ದು ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಮಾತ್ರ. ಅಂದ್ರೆ ಗೊತ್ತಿರೋರೇ. ಮೂರು ದಿನದಿಂದ ಹುಡುಗಿ ಟಿಫಿನ್ ಬಾಕ್ಸ್ ಮುಚ್ಚಳ ತೆಗೀದೆ ವಾಪಸ್ ತರ್ತಿದಾಳೆ.

ಇನ್‌ಸ್ಟಾಗ್ರಾಂಗೆ ರಿಪೋರ್ಟ್ ಮಾಡಿದ್ವಿ, ಖಾತೆ ಇನ್ನೂ ಹಾಗೇ ಇದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀವಿ. ಸ್ಕೂಲಿನವರು "ಗೇಟಿನ ಹೊರಗೆ ನಡೆದದ್ದು ನಮಗೆ ಬರಲ್ಲ" ಅಂದ್ರು (ಗೇಟಿಗೆ ಮಾತ್ರ ನಾಲ್ಕು ಕ್ಯಾಮೆರಾ!). ಸೈಬರ್ ಅಪರಾಧ ಸಹಾಯವಾಣಿ 1930 ಮುಖ್ಯವಾಗಿ ದುಡ್ಡು ಕಳ್ಕೊಂಡೋರಿಗಂತೆ.

ಮಾಡಿದ್ದು ಅದೇ ಕ್ಲಾಸಿನ ಮಗು ಆಗಿದ್ರೆ ಪೊಲೀಸ್ ಕೇಸಿಗೆ ಎಳೆಯೋಕೆ ಮನಸ್ಸು ಬರ್ತಿಲ್ಲ. ಸುಮ್ನಿರೋಕೂ ಆಗ್ತಿಲ್ಲ. ಅನುಭವ ಇರೋರು ಹೇಳಿ: ಮೊದಲು 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡೋದಾ, ನೇರ ಸೈಬರ್ ಅಪರಾಧ ನೋಡೋ ಸೆನ್ (CEN) ಪೊಲೀಸ್ ಠಾಣೆಗೇ ಹೋಗೋದಾ?